ಬೆಳಗಾವಿಯ ಹಳ್ಳಿಗಳಲ್ಲಿ ಉತ್ತರ ಸಿಕ್ಕ ಒಂದು ಪ್ರಶ್ನೆ

ವಿಶ್ವವಿದ್ಯಾಲಯದ ಸಂಶೋಧನೆ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರ ಕಣ್ಣ ಮುಂದೆ ಬರುವುದು ಬೆಂಗಳೂರಿನ ಯಾವುದೋ ಲ್ಯಾಬು, ಇಲ್ಲವೇ ಅಮೆರಿಕದ ಯಾವುದೋ ಕ್ಯಾಂಪಸ್ಸು. ನನಗೆ ಮೊದಲು ನೆನಪಾಗುವುದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದ 25 ಜನ ಎಎನ್‌ಎಂಗಳು, ಅಂದರೆ ನಾವೆಲ್ಲ ನರ್ಸಮ್ಮ ಅಂತ ಕರೆಯುವವರು. 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಅವರು ಮನೆಗಳಲ್ಲಿ, ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸಿದರು, ರಕ್ತಸ್ರಾವ ತಡೆಯುತ್ತದಾ ಅಂತ ನೋಡಲು ಮಗು ಹುಟ್ಟಿದ ಕೂಡಲೇ ತಾಯಿಗೆ ಮಾತ್ರೆ ನುಂಗಿಸಿದರು, ಆಮೇಲೆ ಎಷ್ಟು ರಕ್ತ ಹೋಯಿತು ಅಂತ ಅಳೆದು ಬರೆದಿಟ್ಟರು. ಒಟ್ಟು 1,620 ತಾಯಂದಿರು. ಆ ಲೆಕ್ಕ 2006ರ ಅಕ್ಟೋಬರಿನಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮುಂದೆ ಬಡ ದೇಶಗಳ ಹೆರಿಗೆ ಆರೈಕೆಯ ಬಗ್ಗೆ ಜಗತ್ತು ಮಾತಾಡುವ ರೀತಿಯನ್ನೇ ಅದು ಸ್ವಲ್ಪ ಬದಲಾಯಿಸಿತು.

ಈ ವಿಷಯ ಕನ್ನಡದಲ್ಲಿ ಓದುವವರಿಗೆ ಹೆಚ್ಚು ಗೊತ್ತಿಲ್ಲ ಅನ್ನುವುದು ನನಗೆ ತುಂಬ ದಿನದಿಂದ ಕೊರೆಯುತ್ತಿರುವ ಸಂಗತಿ. ನಾನು ಡಾಕ್ಟರಲ್ಲ. ಆದರೆ ನಮ್ಮ ಚಿಗವ್ವ ಬಾಗಲಕೋಟೆ ಕಡೆಯ ಒಂದು ಉಪಕೇಂದ್ರದಲ್ಲಿ ಎಎನ್‌ಎಂ ಆಗಿ ದುಡಿದು ನಿವೃತ್ತಿ ಆದವಳು. ಅವಳು ಈ ಸಂಶೋಧನೆಯಲ್ಲಿ ಇರಲಿಲ್ಲ. ಅದು ಪಕ್ಕದ ಜಿಲ್ಲೆಯಲ್ಲಿ ನಡೆದದ್ದು. ಆದರೆ ಆ ಸಂಶೋಧನೆ ಯಾವ ಕಷ್ಟಕ್ಕೆ ಉತ್ತರ ಹುಡುಕುತ್ತಿತ್ತೋ ಆ ಕಷ್ಟದ ನಡುವೆಯೇ ಅವಳ ನೌಕರಿ ಕಳೆದಿದೆ. ಅವಳ ಬಾಯಲ್ಲಿ ಕೇಳಿದ ಮೇಲೆಯೇ ಲ್ಯಾನ್ಸೆಟ್‌ನ ಆ ಅಂಕಿಗಳು ನನಗೆ ಅರ್ಥವಾಗತೊಡಗಿದ್ದು.

ಮೊದಲು ಕಷ್ಟ ಏನು ಅಂತ ಹೇಳಿಬಿಡುತ್ತೇನೆ. ಮಗು ಹುಟ್ಟಿದ ಮೇಲೆ ಮಾಸು ಬೀಳಬೇಕು. ಮಾಸು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡರೆ ಅದರ ಸ್ನಾಯುಗಳೇ ಆ ನಾಳಗಳನ್ನು ಹಿಂಡಿ ಮುಚ್ಚುತ್ತವೆ. ಮುದುಡದೆ ಸಡಿಲವಾಗಿ ಉಳಿಯಿತು ಅಂದರೆ ರಕ್ತ ಹರಿಯುತ್ತಲೇ ಇರುತ್ತದೆ. ದಿನ ತುಂಬಿದ ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಹರಿಯುತ್ತದೆ. ಅದಕ್ಕೇ ಇದು ಕಾಯುವಂಥ ತೊಂದರೆ ಅಲ್ಲ. ಚಿಕಿತ್ಸೆ ಸಿಗದಿದ್ದರೆ ರಕ್ತಸ್ರಾವ ಶುರುವಾದ ಸುಮಾರು ಎರಡು ಗಂಟೆಯಲ್ಲಿ ಜೀವ ಹೋಗಬಹುದು ಅಂತ ಪ್ರಸೂತಿ ಪಾಠಗಳಲ್ಲೇ ಹೇಳಿಕೊಡುತ್ತಾರೆ. ಹೆರಿಗೆಯಾಗಿ 500 ಮಿ.ಲೀ. ರಕ್ತ ಹೋಯಿತೆಂದರೆ ಅಪಾಯ ಅಂತ ಲೆಕ್ಕ. ಆದರೆ ಈ 500 ಅನ್ನುವುದು ಎಲ್ಲ ಹೆಂಗಸರಿಗೂ ಒಂದೇ ಅಲ್ಲ. ಚೆನ್ನಾಗಿ ಉಂಡು ತಿಂದು ಬೆಳೆದವಳು ಅಷ್ಟು ರಕ್ತ ಕಳೆದುಕೊಂಡರೂ ತಡೆದುಕೊಳ್ಳುತ್ತಾಳೆ. ಮೊದಲೇ ರಕ್ತ ಕಡಿಮೆ ಇರುವ, ಏಳನೇ ತಿಂಗಳವರೆಗೂ ಹೊಲದಲ್ಲಿ ಬಗ್ಗಿ ಕೆಲಸ ಮಾಡಿದವಳು ಅದಕ್ಕಿಂತ ಕಡಿಮೆಯಲ್ಲೇ ಕುಸಿದುಬಿಡಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಶೇಕಡಾ 52 ಜನಕ್ಕೆ ರಕ್ತಹೀನತೆ ಇದೆ. ಅರ್ಧಕ್ಕಿಂತ ಜಾಸ್ತಿ.

ಈಗ ಔಷಧಿ. ಗರ್ಭಕೋಶ ಮುದುಡುವಂತೆ ಮಾಡುವ ಆಕ್ಸಿಟೋಸಿನ್ ಅನ್ನುವ ಇಂಜೆಕ್ಷನ್ ಎಷ್ಟೋ ದಶಕಗಳಿಂದ ಇದೆ. ಅಗ್ಗ, ಒಳ್ಳೆಯ ಔಷಧಿ. ಆದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಬಿಸಿಲಿಗೆ ಬಿಟ್ಟರೆ ಅದರ ಶಕ್ತಿ ಕುಗ್ಗುತ್ತಾ ಹೋಗುತ್ತದೆ, ಮತ್ತೆ ಹಾಗೆ ಕುಗ್ಗಿದ್ದು ನೋಡಿದರೆ ಗೊತ್ತಾಗುವುದಿಲ್ಲ, ಬಾಟಲಿಯೊಳಗಿನ ನೀರು ಮೊದಲಿನ ಹಾಗೇ ತಿಳಿಯಾಗಿರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಊರಿನ ಉಪಕೇಂದ್ರದಲ್ಲಿ, ದಿನಕ್ಕೆ ಅರ್ಧ ಹೊತ್ತು ಕರೆಂಟು ಇಲ್ಲದ ಆ ಕಾಲದಲ್ಲಿ, ಇದನ್ನು ಎಲ್ಲಿ ಇಡುವುದು? ಇಟ್ಟರೂ ಚುಚ್ಚುವವರು ಯಾರು? ಆಗ ಹಳ್ಳಿಯಲ್ಲಿ ಹೆರಿಗೆ ಮಾಡಿಸುವ ಎಎನ್‌ಎಂಗಳ ಕೈಗೆ ಈ ಇಂಜೆಕ್ಷನ್ ಕೊಟ್ಟಿರಲಿಲ್ಲ. ಹೆರಿಗೆ ಮಾಡಿಸುವ ಜವಾಬ್ದಾರಿ ಪೂರ್ತಿ ಅವರದು, ಜೀವ ಉಳಿಸುವ ಔಷಧಿ ಮಾತ್ರ ದೂರದ ಆಸ್ಪತ್ರೆಯಲ್ಲಿ.

ಇಲ್ಲೇ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಈ ಆಕ್ಸಿಟೋಸಿನ್ ಅನ್ನು ಹಾಲು ಕರೆಯಲು ಎಮ್ಮೆ ಹಸುಗಳಿಗೆ ಚುಚ್ಚುತ್ತಾರೆ ಅನ್ನುವ ಕಾರಣಕ್ಕೆ 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ದೇಶದ ಬಳಕೆಗೆ ಇದನ್ನು ತಯಾರಿಸುವುದನ್ನೇ ನಿಲ್ಲಿಸಲು ಹೊರಟಿತು. ಇಡೀ ದೇಶಕ್ಕೆ ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಒಂದೇ ಇದನ್ನು ತಯಾರಿಸಬೇಕು ಅಂತ ಆದೇಶ. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ತಾಯಂದಿರ ಜೀವ ಉಳಿಸುವ ಔಷಧಿಯ ವಿಷಯವನ್ನು ಕೊಟ್ಟಿಗೆಯ ಕಡೆಯಿಂದ ನೋಡಿ ತೀರ್ಮಾನ ಮಾಡಲು ಹೋದರಲ್ಲ ಅಂತ ನನಗೆ ಇವತ್ತಿಗೂ ಬೇಸರ.

ಸರಿ, ಆಕ್ಸಿಟೋಸಿನ್ ಹಳ್ಳಿಗೆ ತಲುಪುವುದಿಲ್ಲ. ಬೇರೆ ಏನಿದೆ? ಮಿಸೊಪ್ರೊಸ್ಟಾಲ್ ಅನ್ನುವ ಮಾತ್ರೆ ಇತ್ತು. ಅದು ಹೊಟ್ಟೆ ಹುಣ್ಣಿಗೆ ಅಂತ ಬಂದ ಮಾತ್ರೆ. ಗರ್ಭಕೋಶವನ್ನೂ ಮುದುಡಿಸುತ್ತದೆ. ಫ್ರಿಜ್ ಬೇಡ, ಸೂಜಿ ಬೇಡ, ನೀರು ಕುಡಿದು ನುಂಗಿದರೆ ಆಯಿತು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ದೇಶಗಳ ಆಸ್ಪತ್ರೆಗಳಲ್ಲಿ 18,000ಕ್ಕೂ ಜಾಸ್ತಿ ತಾಯಂದಿರ ಮೇಲೆ ನಡೆಸಿದ ದೊಡ್ಡ ಪರೀಕ್ಷೆ 2001ರಲ್ಲಿ ಪ್ರಕಟವಾಗಿತ್ತು. ಅದರಲ್ಲಿ ಮಾತ್ರೆ ಸೋತಿತು. ಒಂದು ಲೀಟರಿಗಿಂತ ಜಾಸ್ತಿ ರಕ್ತ ಹೋದವರು ಇಂಜೆಕ್ಷನ್ ಗುಂಪಿನಲ್ಲಿ ಶೇಕಡಾ 3, ಮಾತ್ರೆ ಗುಂಪಿನಲ್ಲಿ ಶೇಕಡಾ 4. ಹಾಗಾಗಿ ಇಂಜೆಕ್ಷನ್ನೇ ವಾಸಿ ಅಂತ ತೀರ್ಮಾನವಾಯಿತು. ಆ ತೀರ್ಮಾನ ಸರಿಯಾಗಿಯೇ ಇದೆ. ಆಸ್ಪತ್ರೆಯ ಮಟ್ಟಿಗೆ.

ಬೆಳಗಾವಿಯ ಸಂಶೋಧನೆಯ ದೊಡ್ಡತನ ನನಗೆ ಕಾಣುವುದು ಇಲ್ಲಿ. ಜಗತ್ತಿನ ದೊಡ್ಡ ಆಸ್ಪತ್ರೆಗಳು ‘ಮಾತ್ರೆ ಒಳ್ಳೆಯದೋ ಇಂಜೆಕ್ಷನ್ ಒಳ್ಳೆಯದೋ’ ಅಂತ ಕೇಳುತ್ತಿದ್ದಾಗ ಇವರು ‘ಇಂಜೆಕ್ಷನ್ ಇಲ್ಲವೇ ಇಲ್ಲದ ಕಡೆ ಮಾತ್ರೆ ಕೊಟ್ಟರೆ ಏನಾಗುತ್ತದೆ’ ಅಂತ ಕೇಳಿದರು. ಕೇಳಲು ತುಂಬ ಸರಳ. ಆದರೆ ಉಪಕೇಂದ್ರದ ಬಾಗಿಲಲ್ಲಿ ನಿಂತು ನೋಡಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ. ಆರೋಗ್ಯದಲ್ಲಿ ಇರುವವರಿಗೂ ಇಲ್ಲದವರಿಗೂ ನಡುವಿನ ಅಂತರ ಕಡಿಮೆ ಮಾಡುತ್ತೇವೆ ಅಂತ ಎಷ್ಟೋ ವಿಶ್ವವಿದ್ಯಾಲಯಗಳು ಬರೆದುಕೊಳ್ಳುತ್ತವೆ. ಆ ಅಂತರ ಕಡಿಮೆಯಾಗುವುದೋ ಇಲ್ಲವೋ ಅನ್ನುವುದು ಬಹಳಷ್ಟು ಸಲ ಪ್ರಶ್ನೆ ಕೇಳುವ ಹೊತ್ತಿಗೇ ತೀರ್ಮಾನವಾಗಿರುತ್ತದೆ ಅಂತ ನನ್ನ ನಂಬಿಕೆ. ಎಲ್ಲ ಸೌಕರ್ಯ ಇರುವ ಕಡೆ ನಿಂತು ಕೇಳಿದ ಪ್ರಶ್ನೆಗೆ ಸಿಗುವ ಉತ್ತರ ಏನೂ ಇಲ್ಲದವರ ಮನೆಗೆ ಹೋಗಿ ಮುಟ್ಟುವುದೇ ಇಲ್ಲ.

ಈ ಕೆಲಸ ಮಾಡಿದ್ದು ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು. ಎಲ್ಲರೂ ಜೆಎನ್‌ಎಂಸಿ ಅನ್ನುತ್ತಾರೆ. ಡಾ. ಬಿ. ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಅವರ ಜೊತೆ ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ಶಾಖೆಯ ರಿಚರ್ಡ್ ಡರ್ಮನ್, ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ ಸ್ಟೇಸಿ ಗೆಲ್ಲರ್ ಮುಂತಾದವರು ಇದ್ದರು. ಹಣ ಬಂದದ್ದು ಹೊರಗಿನಿಂದ, ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಮತ್ತು ಗೇಟ್ಸ್ ಫೌಂಡೇಶನ್ ನೆರವಿನ ಒಂದು ಜಾಲದ ಮೂಲಕ. ವಿದೇಶಿ ಹಣ, ನಮ್ಮ ಹೆಂಗಸರ ಮೈ ಅಂದಾಗ ಅನುಮಾನ ಬರುವುದು ಸಹಜ, ಬರಬೇಕಾದ್ದೇ. ಅದರ ಬಗ್ಗೆ ಆಮೇಲೆ ಬರುತ್ತೇನೆ.

ಈಗ ಅಳತೆಯ ಕಥೆ. ನನಗೆ ಈ ಇಡೀ ಸಂಶೋಧನೆಯಲ್ಲಿ ತುಂಬ ಇಷ್ಟವಾದ ಭಾಗ ಇದು.

ಚಿಗವ್ವನನ್ನು ಒಂದು ಸಲ ಕೇಳಿದ್ದೆ, ರಕ್ತ ಎಷ್ಟು ಹೋಯಿತು ಅಂತ ನಿಮಗೆ ಹೇಗೆ ಗೊತ್ತಾಗುತ್ತಿತ್ತು ಅಂತ. ‘ಹೆಂಗ್ ಗೊತ್ತಾಗಬೇಕ? ಸೀರಿ ತೊಯ್ದದ್ದ ನೋಡಿ ಲೆಕ್ಕಾ ಹಾಕ್ತಿದ್ವಿ. ಒಂದ್ ಸೀರಿ ತೊಯ್ದ್ರ ಚಿಂತಿಲ್ಲ, ಎರಡನೇದೂ ತೊಯ್ತು ಅಂದ್ರ ಎದಿ ಡವಡವ ಅಂತಿತ್ತು’ ಅಂದಳು. ಹೆರಿಗೆ ನೆಲದ ಮೇಲೆ. ಕೆಳಗೆ ಗೋಣಿಚೀಲ, ಅದರ ಮೇಲೆ ಹಳೇ ಸೀರೆ. ಮಣ್ಣಿನ ನೆಲವಾದರೆ ಒಂದಷ್ಟು ರಕ್ತವನ್ನು ನೆಲವೇ ಕುಡಿದುಬಿಡುತ್ತದೆ. ಬೆಳಕು ಅಂದರೆ ಒಂದು ಕಂದೀಲು. ನೆತ್ತಿನೀರೂ ರಕ್ತವೂ ಬೆರೆತು ಹೋಗಿರುತ್ತದೆ. ಇದರ ಮೇಲೆ ಮನೆಯ ಹಿರಿಯ ಹೆಂಗಸರ ಮಾತು ಬೇರೆ. ‘ಹೊಲಸ ರಗತ ಹೋಗ್ಲಿ ಬಿಡ್ರಿ ಅಕ್ಕಾರ, ಮೈ ಹಗುರ ಆಗ್ತೈತಿ.’ ಒಂಬತ್ತು ತಿಂಗಳು ಒಳಗೆ ಸೇರಿಕೊಂಡ ಕೆಟ್ಟ ರಕ್ತ ಹೊರಗೆ ಹೋಗಲೇಬೇಕು ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿತ್ತು. ಹಾಗಾಗಿ ಎಷ್ಟು ಹೋದರೆ ಜಾಸ್ತಿ ಅನ್ನುವ ಮಾತೇ ಮನೆಯವರ ತಲೆಗೆ ಹೋಗುತ್ತಿರಲಿಲ್ಲ. ಗಾಡಿ ತರಿಸಿ ಅಂದರೆ ‘ಯಾಕ್ರಿ ಅಕ್ಕಾರ, ಕೂಸು ಆರಾಮ ಐತಲ್ಲ’ ಅನ್ನುತ್ತಿದ್ದರಂತೆ.

ಬೆಳಗಾವಿಯ ತಂಡಕ್ಕೂ ಇದೇ ತೊಡಕು. ಮಾತ್ರೆಯಿಂದ ರಕ್ತಸ್ರಾವ ಕಡಿಮೆಯಾಯಿತು ಅಂತ ಹೇಳಬೇಕಾದರೆ ಮೊದಲು ರಕ್ತ ಎಷ್ಟು ಅಂತ ಗೊತ್ತಾಗಬೇಕಲ್ವಾ. ಅದಕ್ಕೆ ಅವರು ಒಂದು ಪ್ಲಾಸ್ಟಿಕ್ ಹಾಸು ಮಾಡಿಸಿದರು. ಮೇಲೆ ಅಗಲ, ಕೆಳಗೆ ಹೋಗುತ್ತಾ ಕಿರಿದಾಗುವ ಚೀಲ. ತಾಯಿಯ ಸೊಂಟದ ಕೆಳಗೆ ಹಾಸಿ, ಮೇಲಿನ ಲಾಡಿಯನ್ನು ಹೊಟ್ಟೆಗೆ ಕಟ್ಟಿ, ಚೀಲದ ಭಾಗವನ್ನು ಕೆಳಗೆ ಇಳಿಬಿಡುವುದು. ರಕ್ತ ಅದರೊಳಗೆ ಇಳಿದು ತುಂಬುತ್ತದೆ, ಚೀಲದ ಮೇಲೆ ಮಿ.ಲೀ. ಗುರುತುಗಳ ಗೆರೆ. ಓದಿಕೊಂಡು ಬರೆದರೆ ಆಯಿತು. ಅದನ್ನು ರೂಪಿಸಿದವರ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ‘ಬ್ರಾಸ್-ವಿ’ ಅಂತ ಹೆಸರಿಟ್ಟರು. ಕಣ್ಣಂದಾಜಿಗೂ ಈ ಚೀಲದ ಅಳತೆಗೂ ಎಷ್ಟು ವ್ಯತ್ಯಾಸ ಅಂತ ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ 123 ಹೆರಿಗೆಗಳಲ್ಲಿ ನೋಡಿದರು. ಕಣ್ಣಂದಾಜು ಚೀಲದ ಅಳತೆಗಿಂತ ಶೇಕಡಾ 33ರಷ್ಟು ಕಡಿಮೆ ಬಂತು. ಅದೂ ಆಸ್ಪತ್ರೆಯ ಬೆಳಕಿನಲ್ಲಿ, ಕಲಿತವರ ಕಣ್ಣಲ್ಲಿ. ಕಂದೀಲಿನ ಬೆಳಕಲ್ಲಿ, ಮಣ್ಣಿನ ನೆಲದ ಮೇಲೆ ಎಷ್ಟು ತಪ್ಪಿರಬಹುದು, ಎಷ್ಟು ಜನರ ವಿಷಯದಲ್ಲಿ ತಡವಾಗಿರಬಹುದು ಅಂತ ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪರೀಕ್ಷೆ ನಡೆದ ರೀತಿ ಹೀಗೆ. ಮಗು ಹುಟ್ಟಿ, ಹೊಕ್ಕುಳಬಳ್ಳಿಗೆ ಕ್ಲಿಪ್ ಹಾಕಿ ಕತ್ತರಿಸಿದ ಮೇಲೆ, ಐದು ನಿಮಿಷದೊಳಗೆ ತಾಯಿಗೆ ಮೂರು ಮಾತ್ರೆ. 812 ಜನಕ್ಕೆ ನಿಜವಾದ ಮಿಸೊಪ್ರೊಸ್ಟಾಲ್, 600 ಮೈಕ್ರೋಗ್ರಾಂ. 808 ಜನಕ್ಕೆ ನೋಡಲು ಅದರಂತೆಯೇ ಇರುವ, ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ತಾಯಿಗೂ ಗೊತ್ತಿಲ್ಲ, ಕೊಟ್ಟ ಎಎನ್‌ಎಂಗೂ ಗೊತ್ತಿಲ್ಲ. ಆಮೇಲೆ ಹಾಸು ಹಾಕಿ ಅಳೆಯುವುದು. ಫಲಿತಾಂಶ ನೋಡಿ: 500 ಮಿ.ಲೀ.ಗಿಂತ ಜಾಸ್ತಿ ರಕ್ತ ಹೋದವರು ಔಷಧಿ ಇಲ್ಲದ ಮಾತ್ರೆಯ ಗುಂಪಿನಲ್ಲಿ ಶೇಕಡಾ 12, ಔಷಧಿ ಗುಂಪಿನಲ್ಲಿ ಶೇಕಡಾ 6.4. ಒಂದು ಲೀಟರ್ ದಾಟಿದ ಗಂಭೀರ ಸ್ರಾವ ಶೇಕಡಾ 1.2ರಿಂದ 0.2ಕ್ಕೆ ಇಳಿಯಿತು. ಪ್ರತಿ 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳಿಗೆ ರಕ್ತಸ್ರಾವ ತಪ್ಪುತ್ತದೆ ಅಂತ ಲೆಕ್ಕ ಬಂತು. ನಿಜವಾದ ಮಾತ್ರೆ ತೆಗೆದುಕೊಂಡವರಲ್ಲಿ ಚಳಿ ನಡುಕ, ಜ್ವರ ಜಾಸ್ತಿ ಕಂಡಿತು. ಸ್ವಲ್ಪ ಹೊತ್ತು ಇದ್ದು ಹೋಗುವಂಥದು. ಕಂಬಳಿ ಹೊದಿಸಿ ಪಕ್ಕದಲ್ಲಿ ಕೂತಿರಬೇಕಾಗುತ್ತದೆ, ಅಷ್ಟೆ.

ಇಲ್ಲಿ ಆ ಅನುಮಾನದ ಮಾತಿಗೆ ಬರಬೇಕು. ರಕ್ತಸ್ರಾವಕ್ಕೆ ಔಷಧಿ ಇದೆ ಅಂತ ಗೊತ್ತಿದ್ದೂ 808 ಜನಕ್ಕೆ ಔಷಧಿ ಇಲ್ಲದ ಮಾತ್ರೆ ಕೊಟ್ಟದ್ದು ಸರಿಯಾ? ಇದನ್ನು ಮೊದಲ ಸಲ ಓದಿದಾಗ ನನಗೂ ಕಸಿವಿಸಿ ಆಯಿತು. ಅವರ ಉತ್ತರ ಏನೆಂದರೆ, ಆ ಹಳ್ಳಿಗಳಲ್ಲಿ ಆಗ ಸಿಗುತ್ತಿದ್ದದ್ದು ಅದೇ, ಅಂದರೆ ಏನೂ ಇಲ್ಲ. ಯಾರಿಂದಲೂ ಇದ್ದದ್ದನ್ನು ಕಿತ್ತುಕೊಳ್ಳಲಿಲ್ಲ. ಜೊತೆಗೆ ಪರೀಕ್ಷೆಯಲ್ಲಿದ್ದ ಎಲ್ಲರಿಗೂ ತರಬೇತಾದ ಎಎನ್‌ಎಂ ಪಕ್ಕದಲ್ಲಿ ಇದ್ದರು, ರಕ್ತ ಅಳೆಯುತ್ತಿದ್ದರು, ಜಾಸ್ತಿಯಾದರೆ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದರು. ಈ ಉತ್ತರವನ್ನು ನಾನು ಒಪ್ಪುತ್ತೇನೆ, ಆದರೆ ಪೂರ್ತಿ ನೆಮ್ಮದಿಯಿಂದ ಅಲ್ಲ. ‘ಅಲ್ಲಿ ಮೊದಲೇ ಏನೂ ಇರಲಿಲ್ಲ’ ಅನ್ನುವುದು ಸಂಶೋಧಕರ ಮಟ್ಟಿಗೆ ಸಮರ್ಥನೆ ಆಗಬಹುದು. ಸರ್ಕಾರದ ಮಟ್ಟಿಗೆ ಅದೇ ಆರೋಪ. ಆಕ್ಸಿಟೋಸಿನ್ ಬಂದು ಅಷ್ಟು ದಶಕ ಕಳೆದ ಮೇಲೂ ಯಾಕೆ ಅಲ್ಲಿ ಏನೂ ಇರಲಿಲ್ಲ? ಇನ್ನೂ ಒಂದು ವಿಷಯ: ಇಂಥ ಪರೀಕ್ಷೆಯ ನ್ಯಾಯ ಅದು ಮುಗಿದ ದಿನಕ್ಕೆ ಮುಗಿಯುವುದಿಲ್ಲ. ಉತ್ತರ ಸಿಕ್ಕ ಮೇಲೆ ಆ ಮಾತ್ರೆ ಆ ಊರಿನ ಮುಂದಿನ ಬಾಣಂತಿಗೆ ಸಿಕ್ಕಿತಾ ಅನ್ನುವುದರ ಮೇಲೆ ನಿಂತಿರುತ್ತದೆ.

ಅಲ್ಲಿ ನಾವು ನಿಧಾನವಾದೆವು. ಲ್ಯಾನ್ಸೆಟ್‌ನಲ್ಲಿ ಬಂದದ್ದು 2006. ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಅನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದು 2011. ಮನೆ ಹೆರಿಗೆ ನಡೆಯುವ ಕಡೆ ಈ ಮಾತ್ರೆಯನ್ನು ಸಮುದಾಯದ ಮಟ್ಟದಲ್ಲಿ ಹಂಚಲು ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಮಾರ್ಗಸೂಚಿ ತಂದದ್ದು 2013. ಏಳು ವರ್ಷ. ಹಿಂಜರಿಕೆಗೆ ಕಾರಣಗಳು ಇದ್ದವು. ಇದೇ ಮಾತ್ರೆ ಗರ್ಭಪಾತಕ್ಕೂ ಬಳಕೆಯಾಗುತ್ತದೆ, ಮಗು ಹುಟ್ಟುವ ಮೊದಲೇ ತಪ್ಪಿ ಕೊಟ್ಟರೆ ಅಪಾಯ, ಹೀಗಾಗಿ ಹಳ್ಳಿಯ ಕೆಲಸಗಾರ್ತಿಯರ ಕೈಗೆ ಕೊಡಬಾರದು ಅನ್ನುವ ಭಯ. ಭಯ ಪೂರ್ತಿ ಸುಳ್ಳಲ್ಲ. ಆದರೆ ಬೆಳಗಾವಿಯ 25 ಜನ ಎಎನ್‌ಎಂಗಳು ಮೂರು ವರ್ಷಕ್ಕೂ ಜಾಸ್ತಿ ಕಾಲ ಅದನ್ನು ಸರಿಯಾದ ಹೊತ್ತಿಗೆ, ಸರಿಯಾಗಿ ಕೊಟ್ಟು, ಅಳೆದು, ಬರೆದು ತೋರಿಸಿದ್ದರಲ್ಲ. ಕೆಳಗಿನ ಹಂತದ ಹೆಣ್ಣು ಕೆಲಸಗಾರ್ತಿಯರ ಬುದ್ಧಿಯ ಮೇಲೆ ನಮ್ಮ ವ್ಯವಸ್ಥೆಗೆ ಇರುವ ಅಪನಂಬಿಕೆ ಎಷ್ಟು ಜೀವ ತಿಂದಿದೆ ಅನ್ನುವುದಕ್ಕೆ ಯಾರೂ ಲೆಕ್ಕ ಇಟ್ಟಿಲ್ಲ.

ಆ ಅಳತೆಯ ಹಾಸಿನ ಕಥೆ ಇನ್ನೂ ದೂರ ಹೋಗುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ‘ಇ-ಮೋಟಿವ್’ ಅನ್ನುವ ಪರೀಕ್ಷೆ ನಡೆಸಿದವು. 2 ಲಕ್ಷಕ್ಕೂ ಜಾಸ್ತಿ ಹೆರಿಗೆಗಳು. ಅಲ್ಲೂ ಇಂಥದೇ ಗೆರೆ ಇರುವ ಪ್ಲಾಸ್ಟಿಕ್ ಹಾಸಿನಲ್ಲಿ ರಕ್ತ ಅಳೆದರು. ಅಪಾಯದ ಗೆರೆ ಮುಟ್ಟಿದ ಕೂಡಲೇ, ಒಂದಾದ ಮೇಲೊಂದು ಅಂತ ಕಾಯದೆ, ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರು ಮಾಡಿದರು: ಗರ್ಭಕೋಶ ನೀವುವುದು, ಆಕ್ಸಿಟೋಸಿನ್, ರಕ್ತ ಹೆಪ್ಪುಗಟ್ಟಿಸುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಎಲ್ಲಿಂದ ರಕ್ತ ಬರುತ್ತಿದೆ ಅಂತ ಪರೀಕ್ಷೆ. 2023ರಲ್ಲಿ ಬಂದ ಫಲಿತಾಂಶ: ಗಂಭೀರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾಗುವುದು, ಸಾವು, ಇವೆಲ್ಲ ಸೇರಿ ಶೇಕಡಾ 4.3 ಇದ್ದದ್ದು 1.6ಕ್ಕೆ ಇಳಿಯಿತು. ಹಳೇ ಪದ್ಧತಿಯ ಆಸ್ಪತ್ರೆಗಳಲ್ಲಿ ರಕ್ತಸ್ರಾವ ಆದವರಲ್ಲಿ ಸುಮಾರು ಅರ್ಧ ಜನರದ್ದು ಮಾತ್ರ ಪತ್ತೆಯಾಗುತ್ತಿತ್ತು, ಹಾಸು ಬಳಸಿದ ಕಡೆ ಶೇಕಡಾ 93. ಅರ್ಧ ಜನರದ್ದು ಪತ್ತೆಯೇ ಆಗುತ್ತಿರಲಿಲ್ಲ! ಅಳತೆ ಬಂದ ಮೇಲೆ ಸಂಶಯಕ್ಕೆ ಜಾಗ ಉಳಿಯಲಿಲ್ಲ. ಕಾಯಿಲೆ ಹೊಸದಲ್ಲ, ಔಷಧಿಗಳೂ ಹೊಸದಲ್ಲ. ಗೆರೆ ನೋಡಿ ಕೈ ಹಾಕುವ ಧೈರ್ಯ ಹೊಸದು. ಅನುಭವ ಕಡಿಮೆ ಇರುವ ನರ್ಸ್ ಕೂಡ ‘ಡಾಕ್ಟ್ರೇ, ಗೆರೆ ದಾಟಿದೆ, ಬನ್ನಿ’ ಅಂತ ಹೇಳಬಹುದು. ಕಣ್ಣಂದಾಜಿನ ಮೇಲೆ ಹಿರಿಯರನ್ನು ನಡುರಾತ್ರಿ ಎಬ್ಬಿಸುವುದು ಎಷ್ಟು ಕಷ್ಟ ಅಂತ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ತಂಪಿನ ತೊಂದರೆಗೂ ಒಂದು ಉತ್ತರ ಬಂದಿದೆ. ಕಾರ್ಬೆಟೋಸಿನ್ ಅನ್ನುವ ಇಂಜೆಕ್ಷನ್ನಿನ ಶಾಖ ತಡೆಯುವ ರೂಪವನ್ನು ಭಾರತವೂ ಸೇರಿ 10 ದೇಶಗಳಲ್ಲಿ ಸುಮಾರು 30,000 ತಾಯಂದಿರಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ರಕ್ತಸ್ರಾವ ತಡೆಯುವುದರಲ್ಲಿ ಅದು ಆಕ್ಸಿಟೋಸಿನ್‌ಗೆ ಹೆಚ್ಚುಕಡಿಮೆ ಸಮ. ಫ್ರಿಜ್ ಬೇಡ.

ಈ ಮಧ್ಯೆ ನಮ್ಮ ರಾಜ್ಯವೂ ಬದಲಾಗಿದೆ. 2005–06ರಲ್ಲಿ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ ಸುಮಾರು ಶೇಕಡಾ 65 ಇತ್ತು, 2019–21ರ ಹೊತ್ತಿಗೆ 97. ಜನನಿ ಸುರಕ್ಷಾ ಯೋಜನೆ ಬಂತು, 2008ರಲ್ಲಿ 108 ಆಂಬ್ಯುಲೆನ್ಸ್ ಬಂತು, ಆಶಾ ಕಾರ್ಯಕರ್ತೆಯರು ಬಂದರು. ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001–03ರಲ್ಲಿ 228 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. ಇದು ಸಣ್ಣ ಸಾಧನೆ ಅಲ್ಲ, ಇದರ ಹಿಂದೆ ಸಾವಿರಾರು ಜನರ ಬೆವರು ಇದೆ. ಆದರೆ ಅದೇ ಅವಧಿಯಲ್ಲಿ ತಮಿಳುನಾಡು 54ರಲ್ಲಿತ್ತು, ಕೇರಳ 19ರಲ್ಲಿ. ದಕ್ಷಿಣದ ರಾಜ್ಯಗಳಲ್ಲಿ ಜಾಸ್ತಿ ಸಾವು ನಮ್ಮಲ್ಲೇ. ಈ 69 ಅನ್ನುವುದು ಇಡೀ ರಾಜ್ಯದ ಸರಾಸರಿ. ಮಂಗಳೂರಿನ ಬಾಣಂತಿಗೆ ಎಷ್ಟು, ಯಾದಗಿರಿಯ ಬಾಣಂತಿಗೆ ಎಷ್ಟು ಅಂತ ಈ ಲೆಕ್ಕ ಹೇಳುವುದಿಲ್ಲ, ಯಾಕೆಂದರೆ ತಾಯಂದಿರ ಸಾವಿನ ಲೆಕ್ಕ ತೆಗೆಯುವ ಸಮೀಕ್ಷೆ ಜಿಲ್ಲಾವಾರು ಸಂಖ್ಯೆ ಕೊಡುವುದೇ ಇಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಹೆಸರಿಟ್ಟು ಪಟ್ಟಿ ಮಾಡಿತ್ತು. ಬಾಣಂತಿಯರ ಸಾವಿಗೂ ಅಂಥದೊಂದು ತಾಲ್ಲೂಕುವಾರು ಲೆಕ್ಕ ಬೇಕು. ನಮ್ಮ ವಿಶ್ವವಿದ್ಯಾಲಯಗಳು, ಮೆಡಿಕಲ್ ಕಾಲೇಜುಗಳು ಮನಸ್ಸು ಮಾಡಿದರೆ ಆಗುವ ಕೆಲಸ. ಈಗ ಬಹುತೇಕ ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜು ಇವೆಯಲ್ಲ.

ಆಸ್ಪತ್ರೆಗೆ ಬಂದ ಮಾತ್ರಕ್ಕೆ ಅಪಾಯ ತಪ್ಪಿತು ಅಂತಲೂ ಅಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಸುದ್ದಿ ಇಡೀ ರಾಜ್ಯವನ್ನು ಅಲ್ಲಾಡಿಸಿತು. ಅಲ್ಲಿ ಕೊಟ್ಟ ಡ್ರಿಪ್ ದ್ರಾವಣದ ಗುಣಮಟ್ಟದ ಬಗ್ಗೆಯೇ ಪ್ರಶ್ನೆ ಎದ್ದಿತು. ಅದು ಬೇರೆ ಬಗೆಯ ದುರಂತ, ಮಾತ್ರೆಯಿಂದಲೋ ಹಾಸಿನಿಂದಲೋ ತಪ್ಪುವಂಥದ್ದಲ್ಲ. ಆದರೆ ಸರ್ಕಾರಿ ಆಸ್ಪತ್ರೆಯನ್ನೇ ನಂಬಿ ಬರುವ ಹೆಂಗಸರು ಯಾರು, ಅವರ ಮನೆಯಲ್ಲಿ ಬೇರೆ ದಾರಿ ಎಷ್ಟಿರುತ್ತದೆ ಅಂತ ಯೋಚಿಸಿದರೆ ಎರಡೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ.

ಚಿಗವ್ವನಿಗೆ ಈ ಲ್ಯಾನ್ಸೆಟ್ ಲೇಖನದ ಅಂಕಿಗಳನ್ನು ಕನ್ನಡದಲ್ಲಿ ಓದಿ ಹೇಳಿದಾಗ ಅವಳು ಮೊದಲು ಕೇಳಿದ್ದು, ‘ಆ ಇಪ್ಪತ್ತೈದ್ ಮಂದಿ ಹೆಸರ ಅದಾವೇನ ಅದರಾಗ?’ ಅಂತ. ಲೇಖಕರ ಸಾಲಿನಲ್ಲಿ ಡಾಕ್ಟರುಗಳ, ಪ್ರೊಫೆಸರುಗಳ ಹೆಸರೇ ಇರುವುದು ಅಂದೆ. ಅವಳು ಅದಕ್ಕೆ ಏನೂ ಹೇಳಲಿಲ್ಲ. ಆದರೆ ಆ ಪ್ರಶ್ನೆ ನ್ಯಾಯವಾದ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಎದ್ದು ಹೊಲದ ದಾರಿಯಲ್ಲಿ ನಡೆದು ಹೋಗಿ ಅಳೆದು ಬರೆದವರು ಅವರು. ಸಂಶೋಧನೆಯ ಫಲ ಕನಿಷ್ಠ ಅವರ ಭಾಷೆಯಲ್ಲಿ ಅವರಿಗೂ, ಆ 1,620 ತಾಯಂದಿರಿಗೂ ತಲುಪಬೇಕು. ಯಾವುದೇ ಮೆಡಿಕಲ್ ಕಾಲೇಜು ಹಳ್ಳಿಯಲ್ಲಿ ಪರೀಕ್ಷೆ ನಡೆಸಿದರೆ ಕೊನೆಗೆ ಅದೇ ಊರಿನ ಗ್ರಾಮಸಭೆಯಲ್ಲಿ ಕೂತು ಕನ್ನಡದಲ್ಲಿ ಫಲಿತಾಂಶ ಹೇಳಬೇಕು ಅಂತ ನಿಯಮ ಆಗಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ.

ಇನ್ನು ನಮ್ಮ ಕೈಯಲ್ಲಿ ಇರುವುದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೆರಿಗೆಯಲ್ಲಿ ರಕ್ತವನ್ನು ಗೆರೆ ಇರುವ ಹಾಸಿನಿಂದ ಅಳೆಯಬೇಕು ಅಂತ ಶಿಫಾರಸು ಮಾಡಿದೆ. ಬೆಳಗಾವಿಯಲ್ಲಿ ಅಂಥದೇ ಹಾಸು ಮಾಡಿಸಿ ಬಳಸಿ ಇಪ್ಪತ್ತು ವರ್ಷ ದಾಟಿದೆ. ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತದೆ, ಊರಿನವರೂ ಅದರಲ್ಲಿ ಸದಸ್ಯರಾಗಿರುತ್ತಾರೆ. ಮುಂದಿನ ಸಭೆಗೆ ಹೋದರೆ, ಇಲ್ಲವೇ ಹೋಗುವವರು ಗೊತ್ತಿದ್ದರೆ, ಇಷ್ಟು ಕೇಳಿ: ಹೆರಿಗೆ ಕೋಣೆಯಲ್ಲಿ ರಕ್ತ ಅಳೆಯುವ ಹಾಸು ಇದೆಯಾ? ಆಕ್ಸಿಟೋಸಿನ್ ಇಟ್ಟಿರುವ ಫ್ರಿಜ್‌ಗೆ ಕರೆಂಟು ಹೋದಾಗ ಏನು ವ್ಯವಸ್ಥೆ? ಮಿಸೊಪ್ರೊಸ್ಟಾಲ್ ಮಾತ್ರೆ ದಾಸ್ತಾನಿನಲ್ಲಿ ಇದೆಯಾ, ಅವಧಿ ಮುಗಿದಿಲ್ಲ ತಾನೆ? ಇಲ್ಲಿಂದ ಹತ್ತಿರದ ರಕ್ತನಿಧಿ ಎಷ್ಟು ಕಿಲೋಮೀಟರ್, ರಾತ್ರಿ ಹೊತ್ತು ಅಲ್ಲಿ ಯಾರು ಇರುತ್ತಾರೆ? ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.